ವಿಳಾಸಗಳಿಗೆ ಇಸ್ತ್ರಿ ಹಾಕುವ ಅಕ್ಕ

ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಗುಜರಿ ಗೋದಾಮಿನ ತಗಡಿನ ಬಾಗಿಲು ಅರ್ಧ ಮೇಲೆದ್ದಿದೆ. ಒಳಗೆ ಆಳೆತ್ತರಕ್ಕೆ ರಟ್ಟಿನ ಡಬ್ಬಗಳ ರಾಶಿ. ಅದರ ಮುಂದೆ ಹಳೆಯ ಕಂಬಳಿ ಹೊದಿಸಿದ ಮೇಜು, ಮೇಜಿನ ಹಿಂದೆ ನಡುವಯಸ್ಸು ದಾಟಿದ ಹೆಂಗಸೊಬ್ಬರು. ಇಸ್ತ್ರಿಪೆಟ್ಟಿಗೆಯ ತಳಕ್ಕೆ ಬೆರಳಿನಿಂದ ನೀರು ಚಿಮುಕಿಸುತ್ತಾರೆ. ಚುರ್ ಎಂದಿತೋ, ಕೆಲಸ ಶುರು. ಒಂದು ಡಬ್ಬ ಎಳೆದುಕೊಂಡು, ಮೇಲಿನ ಪ್ಲಾಸ್ಟಿಕ್ ಟೇಪನ್ನು ಚಾಕುವಿನಿಂದ ಸೀಳಿ ತೆಗೆದು, ವಿಳಾಸದ ಚೀಟಿಯ ಮೇಲೆ ಇಸ್ತ್ರಿ ಒತ್ತುತ್ತಾರೆ. ಕೈ ಎತ್ತುವಷ್ಟರಲ್ಲಿ ಚೀಟಿ ಕಪ್ಪು. ಯಾರದೋ ಹೆಸರು, ಮನೆಯ ಸಂಖ್ಯೆ, ಫೋನ್ ನಂಬರು, ಎಲ್ಲವೂ ಮಸಿಯೊಳಗೆ ಹೋಗಿವೆ.

ಗೋದಾಮಿನಲ್ಲಿ ಇವರನ್ನು ಎಲ್ಲರೂ ಕರೆಯುವುದು ಇಸ್ತ್ರಿ ಅಕ್ಕ ಎಂದೇ. ಲಾರಿ ಚಾಲಕನಂತೂ ದಿನಾ ಬಂದು, "ಅಕ್ಕಾ, ಡಬ್ಬಕ್ಕೆ ಸ್ವಲ್ಪ ಗಂಜಿನೂ ಹಾಕಿ, ಮದುವೆಗೆ ಹೋಗೋದಿದೆ ಅದಕ್ಕೆ" ಎಂದು ಕಾಲೆಳೆಯುತ್ತಾನೆ. ಅಕ್ಕ ತಲೆ ಎತ್ತುವುದಿಲ್ಲ. "ಮೊದ್ಲು ನಿನ್ನ ಅಂಗಿ ಕೊಡು, ಅದಕ್ಕೇ ಜಾಸ್ತಿ ಬೇಕು" ಎನ್ನುತ್ತಾರೆ.

ಮನೆಮನೆಗೆ ಬರುವ ಪಾರ್ಸಲ್‌ಗಳ ಚೀಟಿಯನ್ನು ಹೆಚ್ಚಾಗಿ ಶಾಯಿಯಿಂದ ಮುದ್ರಿಸುವುದಿಲ್ಲ, ಶಾಖದಿಂದ ಮುದ್ರಿಸುತ್ತಾರೆ. ಅದೇ ಶಾಖ ಅತಿಯಾದರೆ ಇಡೀ ಕಾಗದವೇ ಕಪ್ಪಾಗುತ್ತದೆ. ಇದನ್ನು ಅಕ್ಕ ಕಲಿತದ್ದು ಬೈಗುಳ ತಿಂದು. ಮೊದಲು ಅವರು ಲಾಂಡ್ರಿಯಲ್ಲಿ ಇಸ್ತ್ರಿ ಹಾಕುತ್ತಿದ್ದರು. ಗಿರಾಕಿಯೊಬ್ಬರ ಅಂಗಿಯ ಜೇಬಿನಲ್ಲಿ ಹೊಸ ಟಿ.ವಿ.ಯ ಬಿಲ್ಲು ಇದ್ದದ್ದನ್ನು ನೋಡದೆ ಇಸ್ತ್ರಿ ಎಳೆದುಬಿಟ್ಟರು. "ಅಂಗಿ ಚೆನ್ನಾಗೇ ಬಂತು. ಬಿಲ್ಲು ಮಾತ್ರ ಇದ್ದಿಲಾಗಿತ್ತು. ಆಯಪ್ಪ ಅಂಗಡಿ ಹಾರಿಹೋಗೋ ಹಾಗೆ ಕೂಗಾಡಿದ" ಎಂದು ಈಗ ನಗುತ್ತಾರೆ. ಲಾಂಡ್ರಿ ಮುಚ್ಚಿದ ಮೇಲೆ ಡಬ್ಬ ಬಿಡಿಸಿ ಕಟ್ಟು ಕಟ್ಟುವ ಕೆಲಸಕ್ಕೆ ಇಲ್ಲಿಗೆ ಬಂದರು. ಇಸ್ತ್ರಿ ಅವರ ಕೆಲಸವೇ ಅಲ್ಲ, ಅದಕ್ಕೆ ಕೂಲಿಯೂ ಇಲ್ಲ. ಬೇರೆಯವರು ಬರುವ ಮುಂಚೆ ಬಂದು ಮಾಡಿ ಮುಗಿಸುತ್ತಾರೆ. ಒಂದು ಬೆಳಗಿಗೆ ಮುನ್ನೂರು ಡಬ್ಬ ಸುಲಭವಾಗಿ ದಾಟುತ್ತದೆ. ಶಾಯಿಯ ಚೀಟಿಗಳು ಇಸ್ತ್ರಿಗೆ ಜಗ್ಗುವುದಿಲ್ಲ. ಅವನ್ನು ಕಿತ್ತು ಬಕೆಟ್ಟಿನ ನೀರಿನಲ್ಲಿ ನೆನೆಹಾಕಿ ಹಿಸುಕುತ್ತಾರೆ.

ಯಾರಿಗಾಗಿ ಈ ಉಪದ್ವ್ಯಾಪ ಎಂದು ಕೇಳಿದರೆ ಅಕ್ಕ ಇಸ್ತ್ರಿಯನ್ನು ಒರಗಿಸಿಟ್ಟು, ತಂಗಿಯ ವಿಷಯ ಎತ್ತುತ್ತಾರೆ.

ತಂಗಿಯ ಗಂಡ ಹೊಡೆಯುವವನು. ಒಂದು ದಿನ ಅವಳು ಮಗನನ್ನು ಕಂಕುಳಲ್ಲಿ ಎತ್ತಿಕೊಂಡು ಮನೆ ಬಿಟ್ಟಳು. ದೂರದ ಬಡಾವಣೆಯಲ್ಲಿ ಕೋಣೆ ಹಿಡಿದಳು, ಫೋನ್ ನಂಬರು ಬದಲಿಸಿದಳು, ಕೆಲಸದ ಜಾಗದಲ್ಲಿ ಬೇರೆ ಹೆಸರು ಹೇಳಿಕೊಂಡಳು. ಎರಡು ವರ್ಷ ಯಾರಿಗೂ ಸುಳಿವಿರಲಿಲ್ಲ. ಒಮ್ಮೆ ಮಗನಿಗೆ ಬಟ್ಟೆ ತರಲು ಮಕ್ಕಳ ಉಡುಪಿನ ದೊಡ್ಡ ಅಂಗಡಿಗೆ ಹೋದಳು. ಸದಸ್ಯತ್ವದ ಕಾರ್ಡು ಮಾಡಿಸಿದರೆ ಹುಟ್ಟುಹಬ್ಬದ ದಿನ ಮನೆಗೇ ಉಡುಗೊರೆ ಬರುತ್ತದೆ ಎಂದರು. ತನ್ನ ಹೆಸರು ಕೇಳಿದಾಗ ಸುಳ್ಳು ಹೇಳಿದಳು. ಮಗನದ್ದು ಕೇಳಿದಾಗ ಸುಳ್ಳಿಗೆ ನಾಲಿಗೆ ಹೊರಳಲಿಲ್ಲ.

"ಮಗು ಹುಟ್ಟಿದ ದಿನಾನ ಯಾವ ತಾಯಿ ಸುಳ್ಳು ಹೇಳ್ತಾಳೆ?" ಎನ್ನುತ್ತಾರೆ ಅಕ್ಕ. "ಹೆಸರೂ ನಿಜದ್ದೇ ಕೊಟ್ಲು, ದಿನಾನೂ ನಿಜದ್ದೇ ಕೊಟ್ಲು. ಉಡುಗೊರೆ ಬರ್ಬೇಕಲ್ಲ, ಅದಕ್ಕೆ ಮನೆ ವಿಳಾಸನೂ ಕೊಟ್ಲು."

ಅಂಗಡಿಯವರು ಆ ಮಾಹಿತಿಯನ್ನೆಲ್ಲ ಕಂಪನಿಯೊಂದಕ್ಕೆ ಮಾರಿದರು. ಇಂಥ ವಯಸ್ಸಿನ ಮಕ್ಕಳಿರುವ ಮನೆಗಳ ಪಟ್ಟಿಯನ್ನು ಯಾರಿಗೆ ಬೇಕೋ ಅವರಿಗೆ ಕಂಪನಿ ಮಾರಿತು. ಕೊಂಡವರಲ್ಲಿ ಆ ಗಂಡನೂ ಒಬ್ಬ. ಮಗನ ಹೆಸರು, ಹುಟ್ಟಿದ ದಿನ ಅವನಿಗೂ ಗೊತ್ತಿತ್ತಲ್ಲ, ಹುಡುಕುವುದು ಕಷ್ಟವಾಗಲಿಲ್ಲ. ಹುಟ್ಟುಹಬ್ಬದ ದಿನವೇ ಹೋಗಿ ಬಾಗಿಲು ಬಡಿದ. ಉಡುಗೊರೆ ಬಂತೆಂದು ಮಗು ಓಡಿ ಹೋಗಿ ಚಿಲಕ ತೆಗೆಯಿತು.

ಅಕ್ಕಪಕ್ಕದವರು ಸೇರಿದ್ದರಿಂದ ಜೀವ ಉಳಿಯಿತು. ತಂಗಿಯ ಎಡಗಿವಿ ಇಂದಿಗೂ ಕೇಳುವುದಿಲ್ಲ. ಅಂಗಡಿಗೆ ಹೋಗಿ ಕೇಳಿದರೆ, "ಗಿರಾಕಿಯೇ ಒಪ್ಪಿ ಸಹಿ ಹಾಕಿದ್ದಾರೆ" ಎಂದು ಕೈ ತೊಳೆದುಕೊಂಡರು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಇಳಿದಿಲ್ಲ. ನಾವಾದರೂ ಎಂಥ ಆಸಾಮಿಗಳು! ಒಂದು ಬಾಚಣಿಗೆ ಕೊಂಡರೂ, ಗಲ್ಲಾದಲ್ಲಿ ಕೂತವರು ಕೇಳಿದ ತಕ್ಷಣ ಫೋನ್ ನಂಬರನ್ನು ಶಾಲೆಯ ಪದ್ಯದ ಹಾಗೆ ಒಪ್ಪಿಸಿ ಬರುತ್ತೇವೆ.

ನಾನು ಅಲ್ಲಿರುವಾಗಲೇ ಗೋದಾಮಿನ ಮುಂದೆ ಒಂದು ಕಾರು ನಿಲ್ಲುತ್ತದೆ. ಇಳಿದವನು ಜನರ ಮಾಹಿತಿ ಕೊಂಡು ಮಾರುವ ಅಂಥದೇ ಒಂದು ಕಂಪನಿಯ ಪ್ರತಿನಿಧಿ, ಮಾತು ಬಲು ನಯ. ಡಬ್ಬಗಳನ್ನು ಚೀಟಿ ಸಮೇತ ಕೊಟ್ಟರೆ ಗುಜರಿಯ ಬೆಲೆಗಿಂತ ಹೆಚ್ಚು ಕೊಡುತ್ತೇವೆಂದು ಅವನು ಗೋದಾಮಿನ ಯಜಮಾನರ ಬೆನ್ನು ಹತ್ತಿ ತಿಂಗಳಾಯಿತು. "ಬರೀ ಹೆಸರು, ನಂಬರು ಸರ್. ಯಾರ ಮನೆ ಗಂಟೂ ಹೋಗಲ್ಲ" ಎನ್ನುತ್ತಾನೆ.

ಯಜಮಾನರು ಕೆಟ್ಟವರಲ್ಲ. ಅಕ್ಕನ ಮೇಜಿಗೆ ಕರೆಂಟಿನ ತಂತಿ ಎಳೆಸಿಕೊಟ್ಟವರು ಅವರೇ. ಆದರೆ ಗೋದಾಮಿನ ಬಾಡಿಗೆ ಅವರ ನಿದ್ದೆ ಕೆಡಿಸಿದೆ. ತಲೆ ಕೆರೆದುಕೊಂಡು ಮೇಜಿನ ಹತ್ತಿರ ಬರುತ್ತಾರೆ.

"ಅಕ್ಕಾ, ಇವತ್ತೊಂದು ದಿನ ಇಸ್ತ್ರಿ ಬೇಡ. ನೋಡೋಣ, ಏನಾಗತ್ತೆ ಅಂತ."

"ಏನಾಗತ್ತೆ ಅಂತ ನಾನು ನೋಡಿದ್ದೀನಿ, ಅಣ್ಣ."

ಅಷ್ಟೇ ಹೇಳಿ ಇನ್ನೊಂದು ಡಬ್ಬ ಎಳೆದುಕೊಳ್ಳುತ್ತಾರೆ. ತಂಗಿಯ ಕಥೆ ಯಜಮಾನರಿಗೆ ಗೊತ್ತಿದೆ. ಅಲ್ಲೇ ನಿಂತು ಮೂರು ಚೀಟಿ ಕಪ್ಪಾಗುವುದನ್ನು ನೋಡಿ, ಹೊರಗೆ ಹೋಗಿ, ಮುಂದಿನ ವಾರ ಬನ್ನಿ ಎಂದು ಕಾರಿನವನನ್ನು ಸಾಗಹಾಕುತ್ತಾರೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಆದರೆ ಮುಂದಿನ ವಾರ ಬಂದೇ ಬರುತ್ತದೆ. ಯಜಮಾನರು ಒಪ್ಪಿಬಿಟ್ಟರೆ ಏನು ಮಾಡುತ್ತೀರಿ ಎಂದು ಅಕ್ಕನನ್ನು ಕೇಳುತ್ತೇನೆ.

"ಡಬ್ಬ ಅವರದ್ದು, ಇಸ್ತ್ರಿಪೆಟ್ಟಿಗೆ ನಂದು. ಎತ್ಕೊಂಡು ಪಕ್ಕದ ಗೋದಾಮಿಗೆ ಹೋಗ್ತೀನಿ. ಅಲ್ಲಿ ಡಬ್ಬಕ್ಕೇನು ಬರಗಾಲವಾ?"

ಹಾಗೆಂದರೂ ಅವರ ಮುಖ ಕಳೆಗುಂದಿದೆ. ಪಕ್ಕದ ಗೋದಾಮಿಗೂ ಆ ಕಾರು ಹೋಗಿ ಬಂದಿದೆ ಎಂಬುದು ಅವರಿಗೂ ಗೊತ್ತು.

ತಂಗಿ ಈಗ ಎಲ್ಲಿದ್ದಾಳೆ ಎಂಬುದು ಮಾತ್ರ ಅಕ್ಕನಿಗೆ ಗೊತ್ತಿಲ್ಲ. ಕೇಳಿಯೂ ಇಲ್ಲ. ಯಾರ ಯಾರದೋ ಫೋನಿನಿಂದ ಅವಳೇ ಕರೆ ಮಾಡುತ್ತಾಳೆ, ಚೆನ್ನಾಗಿದ್ದೀವಿ ಎನ್ನುತ್ತಾಳೆ, ಇಡುತ್ತಾಳೆ. "ನನಗೆ ಗೊತ್ತಿದ್ರೆ ತಾನೇ ನನ್ನ ಬಾಯಿಂದ ಯಾರಾದ್ರೂ ಬಿಡಿಸೋದು?" ಎನ್ನುತ್ತಾರೆ ಅಕ್ಕ. ಒಡಹುಟ್ಟಿದವಳ ಮುಖ ನೋಡಿ ಐದು ವರ್ಷವಾಗಿದೆ.

ಇಷ್ಟೊಂದು ವಿಳಾಸಗಳ ನಡುವೆ ಎಂದಾದರೂ ಅವಳದ್ದು ಬಂದಿತ್ತೇ? ಕೇಳಬಾರದಿತ್ತೇನೋ, ಕೇಳಿಬಿಟ್ಟೆ. ಅಕ್ಕ ಇಸ್ತ್ರಿಯ ಕಾವು ಕಡಿಮೆ ಮಾಡುತ್ತಾರೆ.

"ನಾನು ಹೆಸರು ಓದಲ್ಲ. ಆಸೆ ಆಗತ್ತೆ, ಸುಳ್ಳು ಯಾಕೆ ಹೇಳ್ಲಿ? ಹೋದ ತಿಂಗಳು ಒಂದು ಡಬ್ಬ ಬಂತು, ಮಕ್ಕಳ ಶೂ ಡಬ್ಬ. ಅಳತೆ ನೋಡಿದೆ. ಅವನ ಕಾಲು ಈಗ ಅಷ್ಟೇ ಇರ್ಬೇಕು ಅನ್ನಿಸ್ತು. ಕಣ್ಣು ಮುಚ್ಕೊಂಡು ಒತ್ತಿಬಿಟ್ಟೆ."

ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಾರೆ.

"ಅದು ಅವಳದ್ದೇ ಆಗಿದ್ರೆ, ಆ ಪಾಪಿಗೆ ಸಿಗಲ್ಲ. ನನಗೂ ಸಿಗಲ್ಲ. ಹೋಗ್ಲಿ ಬಿಡಿ."