ನೈಟ್ ಶಿಫ್ಟಿನವರ ಬೆಂಚು

ಭಾನುವಾರ, ಬೆಳಿಗ್ಗೆ 6.50. ಕುಡುಮಲಕುಂಟೆ. ಶಿಡ್ಲಘಟ್ಟಕ್ಕೆ ಹೊರಡಲು ಇನ್ನೂ ಒಂದು ಗಂಟೆ ಇತ್ತು. ಕಾರ್ಖಾನೆಯೊಂದರ ಕ್ವಾರ್ಟರ್ಸ್ ನಡುವೆ, ಕಂಪನಿಯವರೇ ಕೆಲಸಗಾರರಿಗಾಗಿ ಕಟ್ಟಿಸಿದ ಪುಟ್ಟ ಚರ್ಚ್ ನೋಡಲು ಒಳಗೆ ಹೋದೆ. ಶೀಟಿನ ಛಾವಣಿ, ಹನ್ನೆರಡು ಬೆಂಚು. ಚರ್ಚ್ ಗುಡಿಸಿ ನೋಡಿಕೊಳ್ಳುವ ಆರೋಗ್ಯಮ್ಮನೂ ಸೇರಿ ಒಂಬತ್ತು ಜನ.

ಆರೋಗ್ಯಮ್ಮನೂ ಅಷ್ಟೇ ಎಣಿಸಿದ್ದರು. ಇವತ್ತೂ ಹತ್ತು ಜನ ಸೇರದಿದ್ದರೆ ವಾರದ ಪೂಜೆಯನ್ನು ತಿಂಗಳಿಗೊಮ್ಮೆ ಮಾಡುವುದಾಗಿ ಫಾದರ್ ಹೇಳಿದ್ದರಂತೆ.

“ನೀನು ನಮ್ಮೋನಾಗಿದ್ರೆ ಹತ್ತಾಗ್ತಿತ್ತು ಕಣಪ್ಪ,” ಎಂದರು.

“ಕೂತ್ಕೊತೀನಿ ಬಿಡಿ ಅಮ್ಮ. ಯಾರಿಗೆ ಗೊತ್ತಾಗುತ್ತೆ?”

“ಅಗೋ, ಅವರಿಗೆ,” ಎಂದು ಶಿಲುಬೆಯ ಕಡೆ ಗಲ್ಲ ಎತ್ತಿ ತೋರಿಸಿ ನಕ್ಕರು. ಆದರೆ ಕಣ್ಣು ಬಾಗಿಲ ಮೇಲೇ ಇತ್ತು.

ಪೂಜೆ ಶುರುವಾದ ಮೇಲೆ, ರಾತ್ರಿ ಪಾಳಿ ಮುಗಿಸಿದವರೊಬ್ಬರು ಯೂನಿಫಾರ್ಮಿನಲ್ಲೇ ಬಂದು, ಶಿಲುಬೆಯ ಗುರುತು ಹಾಕಿಕೊಂಡು, ಕೊನೆಯ ಬೆಂಚಿನಲ್ಲಿ ಮಲಗಿಯೇಬಿಟ್ಟರು. ಎರಡು ನಿಮಿಷಕ್ಕೆ ಗೊರಕೆ. ಎಬ್ಬಿಸಲು ಕೈ ಚಾಚಿದೆ.

“ಬೇಡಪ್ಪ,” ಎಂದು ಆರೋಗ್ಯಮ್ಮ ತಡೆದರು. “ಅದು ನೈಟ್ ಶಿಫ್ಟಿನೋರ ಬೆಂಚು. ಅಲ್ಲಿ ಮಲಗಿದೋರನ್ನ ಮೊದಲಿಂದಾನೂ ಯಾರೂ ಎಬ್ಬಿಸಲ್ಲ.”

“ಮಲಗಿದೋರು ಲೆಕ್ಕಕ್ಕೆ ಬರ್ತಾರಾ?”

ಆರೋಗ್ಯಮ್ಮ ಫಾದರ್ ಕಡೆ ನೋಡಿದರು.

ಉಪದೇಶದ ನಡುವೆ ಫಾದರ್ ಒಂದೊಂದೇ ಬೆಂಚು ನೋಡುತ್ತ ಬೆರಳು ಮಡಚತೊಡಗಿದರು. ಕೊನೆಯ ಬೆಂಚಿನ ಬಳಿ ಸ್ವಲ್ಪ ಹೊತ್ತು ನಿಂತ ಕಣ್ಣು, ಮಲಗಿದ್ದವರ ಮೇಲೆ ಇಳಿಯಿತು. ಹತ್ತನೆಯ ಬೆರಳೂ ಮಡಚಿಕೊಂಡಿತು. ಆಮೇಲೆ ಅವರು ಮೈಕ್ ಆಫ್ ಮಾಡಿ, ಉಳಿದ ಉಪದೇಶವನ್ನು ಮೆಲುದನಿಯಲ್ಲಿ ಮುಗಿಸಿದರು.