ಹಿಮದಲ್ಲಿ ಬೀಳುವ ಮೊದಲು

ಖಾನಾಪುರದ ನಾಗರತ್ನಾ ಟೀಚರಿಗೆ ಬೀಳುವುದೆಂದರೆ ಎಂದೂ ಹೆದರಿಕೆ ಇರಲಿಲ್ಲ. ಹೈಸ್ಕೂಲಿನ ಹೆಣ್ಣುಮಕ್ಕಳಿಗೆ ಕಬಡ್ಡಿ ಕಲಿಸುತ್ತ, ಮೊಣಕೈ ಮೊಣಕಾಲು ತರಚಿಕೊಳ್ಳುತ್ತಲೇ ನಲವತ್ತು ದಾಟಿದವಳು. “ಬಿದ್ದರ ಮೊದಲ ಏಳ್ರಿ, ಅಳೂದು ಆಮ್ಯಾಲೆ” ಅನ್ನುವವಳು. ಹಾಗಾಗಿ ದೂರದ ಹಿಮಾಲಯದ ಔಲಿಯಲ್ಲಿ ಕ್ರೀಡಾ ಶಿಕ್ಷಕಿಯರಿಗೆಂದು ನಡೆಯುವ ಸ್ಕೀಯಿಂಗ್ ಶಿಬಿರಕ್ಕೆ ಅವಳು ಹೆಸರು ಕೊಟ್ಟಾಗ ಊರಿನವರು ಬೆರಗಾಗಲಿಲ್ಲ. ಮಕ್ಕಳು ಮಾತ್ರ, “ಟೀಚರ್, ಹಿಮದಾಗ ರೇಡ್ ಹೊಡಿಯಾಕ ಹೊಂಟೀರೇನ್ರಿ?” ಎಂದು ಕಾಡಿಸಿದರು.

ಹೆದರಿಕೆ ಹುಟ್ಟಿದ್ದು ಶಿಬಿರದ ಮಾಸ್ತರ ಫೋನ್ ಬಂದ ಮೇಲೆ.

ಆತ ಹಿಂದಿಯಲ್ಲಿ, ಸಾವಕಾಶವಾಗಿ, ಎಲ್ಲ ಹೇಳಿದ. ಕಾಲಿಗೆ ಕಟ್ಟುವ ಹಲಗೆ, ಬೂಟು, ಕೋಲು, ಹೆಲ್ಮೆಟ್, ಮೇಲಿನ ಜಾಕೀಟು ಎಲ್ಲವೂ ಅಲ್ಲೇ ಬಾಡಿಗೆಗೆ ಸಿಗುತ್ತವೆ, ಹೊಸಬರು ಕೊಂಡು ಹಾಳುಮಾಡಿಕೊಳ್ಳಬಾರದು. ಮೈಗೆ ಅಂಟಿಕೊಳ್ಳುವಂಥ ಉಣ್ಣೆಯ ಒಳಉಡುಪು, ನೀರು ಹಿಡಿಯದ ಕೈಗವಸು, ಬಿಸಿಲಿಗೆ ದಪ್ಪ ಕನ್ನಡಕ ತಂದರೆ ಸಾಕು. ಕಾಲುಚೀಲ ಒಂದೇ ಜೊತೆ ಹಾಕಬೇಕು, ಎರಡು ಹಾಕಿದರೆ ಬೂಟಿನೊಳಗೆ ಕಾಲು ಮರಗಟ್ಟುತ್ತದೆ. ಹತ್ತಿ ಬಟ್ಟೆ ಬೇಡವೇ ಬೇಡ, ಅದು ಬೆವರು ಕುಡಿದು ತಣ್ಣಗಾಗಿ ಮೈಯ ಕಾವನ್ನೆಲ್ಲ ಕಸಿದುಕೊಳ್ಳುತ್ತದೆ. ಫೋನ್ ಇಡುವ ಮೊದಲು ಮತ್ತೊಂದು ಮಾತು ಸೇರಿಸಿದ: ಕೊರಳಲ್ಲಿ ಸರ, ದಾರ ಏನೂ ಇರಕೂಡದು. ಜಾರುವವರನ್ನು ಗುಡ್ಡದ ಮೇಲಕ್ಕೆ ಎಳೆದೊಯ್ಯುವ ಹಗ್ಗಕ್ಕೆ ಸಿಕ್ಕರೆ ಕತ್ತು ಹಿಸುಕುತ್ತದೆ.

ನಾಗರತ್ನಾಳ ಕೈ ತಾನಾಗಿ ಎದೆಗೆ ಹೋಯಿತು. ಅಲ್ಲಿ ಶಿವದಾರದಲ್ಲಿ ತೂಗುವ ಬೆಳ್ಳಿಯ ಕರಡಿಗೆ ಇತ್ತು, ಅದರೊಳಗೆ ಇಷ್ಟಲಿಂಗ. ಮದುವೆಯಾದ ಹೊಸದರಲ್ಲಿ ಅತ್ತೆ ಕಾಶವ್ವ ಮಾಡಿಸಿಕೊಟ್ಟ ಕರಡಿಗೆ. ಹೆರಿಗೆಯ ಹೊತ್ತಿನಲ್ಲಿ ನರ್ಸು ಎಲ್ಲ ಬಿಚ್ಚು ಅಂದಾಗ ತಾಳಿಯನ್ನೂ ಬಿಚ್ಚಿ ಕೊಟ್ಟವಳು, ಲಿಂಗವನ್ನು ಮಾತ್ರ ಮುಷ್ಟಿಯಲ್ಲಿ ಹಿಡಿದುಕೊಂಡೇ ಮಗಳನ್ನು ಹೆತ್ತಿದ್ದಳು. ಬಿಟ್ಟು ಹೋಗುವ ಮಾತೇ ಇಲ್ಲ. ಆದರೆ ಹಾಕಿಕೊಂಡು ಹೋಗಿ, ಬಿದ್ದ ರಭಸಕ್ಕೆ ದಾರ ಕಿತ್ತು, ಆಳದ ಹಿಮದಲ್ಲಿ ಎಲ್ಲೋ ಹೂತುಹೋದರೆ? ಎಲ್ಲಿ ಅಂತ ಕೆದರುವುದು? ಅತ್ತೆಗೆ ಯಾವ ಮುಖದಲ್ಲಿ ಹೇಳುವುದು?

ಅತ್ತೆಗೆ ಅವಳು ಏನೂ ಹೇಳಲಿಲ್ಲ. ತಪ್ಪಾಗಿದ್ದು ಅಲ್ಲೇ.

ರವಿವಾರ ಬೆಳಗಾವಿಗೆ ಹೋದಳು. ಖಡೇಬಜಾರಿನಲ್ಲಿ ರಾಮಲಿಂಗನ ಅಂಗಡಿಗೆ ಹೊಕ್ಕರೆ ಅವನು ಹಿಮ ಅಂದ ಕೂಡಲೇ ರೇನ್‌ಕೋಟ್ ಹರವಿದ. “ಟೀಚರ್, ಜಾಂಬೋಟಿ ಮಳಿಗಿ ಜಪ್ಪಯ್ಯ ಅನ್ನದ ಮಾಲ್ ಇದು. ಹಿಮ ಅಂದ್ರೇನು, ಗಟ್ಟಿ ಮಳಿನ ಅಲ್ಲೇನ್ರಿ?”

“ಇದನ್ನ ಹಾಕ್ಕೊಂಡು ಓಡಿದರ ಒಳಗ ಬೆವರಿನ ಮಳಿ ಆಗತೈತೋ ಮಾರಾಯಾ. ಉಣ್ಣಿದು ಕೊಡು.”

ಉಣ್ಣೆಯ ಒಳಅಂಗಿ, ಕೈಗವಸು ಹಿಡಿದು ಅಲ್ಲಿಂದ ಕ್ಯಾಂಪ್ ಪ್ರದೇಶದ ಮದರಬೀಯ ಮನೆಗೆ ನಡೆದಳು. ಶಾಲೆಯ ಆಟದ ಬಟ್ಟೆಗಳನ್ನೆಲ್ಲ ಹೊಲಿದುಕೊಡುವ ಮದರಬೀ ಕನ್ನಡಕದ ಮೇಲಿಂದ ನೋಡಿ, “ಮುಖ ಯಾಕ ಹಿಂಗ ಬಾಡೇತ್ರಿ ಟೀಚರ್? ಕುಂದರ್ರಿ, ಚಾ ಕುಡೀರಿ” ಅಂದಳು.

“ಆಪಾ, ಈ ಅಂಗಿಗೆ ಒಳಗ ಒಂದು ಕಿಸೆ ಹಚ್ಚಿ ಕೊಡಬೇಕಲ್ರಿ. ಎದಿ ಮ್ಯಾಲ.” ಯಾತಕ್ಕೆ ಎಂಬುದನ್ನೂ ಹೇಳಿದಳು.

ಮದರಬೀ ಸೂಜಿ ಕೆಳಗಿಟ್ಟಳು. “ಅದನ್ನ ನಾ ಮುಟ್ಟಿ ಅಳತಿ ತಗೊಳ್ಳಾಂಗಿಲ್ರಿ. ಎಷ್ಟು ದೊಡ್ಡದು ಅಷ್ಟ ಹೇಳ್ರಿ.” ಒಳಗೆ ಹೋಗಿ ಲಿಂಬೆಹಣ್ಣುಗಳ ಬುಟ್ಟಿಯನ್ನೇ ತಂದು ಮುಂದಿಟ್ಟಳು. ನಾಗರತ್ನಾ ಸರಿಹೊಂದುವ ಹಣ್ಣೊಂದನ್ನು ಆರಿಸಿ ಕೊಟ್ಟಳು. ಆ ಲಿಂಬೆಹಣ್ಣಿನ ಸುತ್ತಲೇ ಕಿಸೆ ಹೊಲಿದು, ಬಾಯಿಗೆ ಗುಂಡಿಯಿಟ್ಟು, ಮದರಬೀ ಅಂಗಿಯನ್ನು ತಲೆಕೆಳಗು ಮಾಡಿ ಝಾಡಿಸಿದಳು. ಹಣ್ಣು ಬೀಳಲಿಲ್ಲ. “ಬೀಳಾಂಗಿಲ್ಲ ಖರೇ. ಆದ್ರ ಪೆಟ್ಟು ತಾಗೂದಕ್ಕ ನಾ ಜವಾಬ್ದಾರ ಅಲ್ರಿ” ಅಂದಳು.

ಆ ಮಾತು ಬಸ್ಸಿನಲ್ಲಿ ಖಾನಾಪುರದ ತನಕ ಅವಳ ಬೆನ್ನು ಬಿಡಲಿಲ್ಲ.

ಮರುದಿನ ಬೆಳಗ್ಗೆ ಆ ಅಂಗಿ ತೊಟ್ಟು, ಕರಡಿಗೆಯನ್ನು ಕಿಸೆಯಲ್ಲಿಟ್ಟು, ಹಿತ್ತಿಲಲ್ಲಿ ಭತ್ತದ ಹುಲ್ಲು ಹಾಸಿ ಬೀಳುವುದನ್ನು ರೂಢಿ ಮಾಡಿಕೊಳ್ಳತೊಡಗಿದಳು. ಮುಂದಕ್ಕೆ ಬೀಳಬೇಡ, ಪಕ್ಕಕ್ಕೆ, ಕುಂಡಿಯ ಮೇಲೆ ಬೀಳು ಎಂದು ಮಾಸ್ತರ ಹೇಳಿದ್ದ. ಆದರೆ ವರುಷಗಟ್ಟಲೆ ಕಬಡ್ಡಿಯಲ್ಲಿ ಗೆರೆ ಮುಟ್ಟಲು ಮುಂದಕ್ಕೆ ಚಾಚಿ ಬಿದ್ದ ಮೈ ಅದು, ಹೇಳಿದ ಮಾತು ಕೇಳಬೇಕಲ್ಲ! ಧಡಕ್ಕನೆ ಮುಂದಕ್ಕೇ ಬಿತ್ತು. ಕರಡಿಗೆ ಎದೆಯೆಲುಬಿಗೆ ಗುದ್ದಿದ ನೋವಿಗೆ ಉಸಿರೇ ಸಿಕ್ಕಿಕೊಂಡಿತು. ಕಣ್ಣು ಬಿಟ್ಟಾಗ ಹಿತ್ತಿಲ ಬಾಗಿಲಲ್ಲಿ ಕಾಶವ್ವ ನಿಂತಿದ್ದಳು.

“ಎದಿ ಯಾಕ ಹಿಡಕೊಂಡಿ? ತೋರಿಸು.”

ತೋರಿಸಲೇಬೇಕಾಯಿತು. ನೀಲಿಗಟ್ಟಿದ ಎದೆಯನ್ನೂ ಅಂಗಿಯ ಒಳಗಿನ ಕಿಸೆಯನ್ನೂ ಮುದುಕಿ ಮತ್ತೆ ಮತ್ತೆ ನೋಡಿದಳು. ನಾಗರತ್ನಾ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಕೊನೆಗೆ, “ಬ್ಯಾಡ ಅಂದ್ರ ಹೋಗಾಂಗಿಲ್ರಿ ಅತ್ತಿ” ಅಂದಳು.

ಕಾಶವ್ವ ಕಟ್ಟೆಯ ಮೇಲೆ ಕುಳಿತಳು. “ಹಿಂದಕ ಲಿಂಗ ಕಳಕೊಂಡವ್ರು ಅದು ಸಿಗೂ ಮಟಾ ಅನ್ನ ನೀರು ಮುಟ್ಟತಿದ್ದಿಲ್ಲ. ನಮ್ಮ ದೊಡ್ಡವ್ವ ಹೊಳಿ ದಂಡಿಗೆ ಕೂತವಳು, ಸಿಕ್ಕ ಮ್ಯಾಲ ಎದ್ದಳು. ಗೊತ್ತೈತಿಲ್ಲೋ?”

“ಗೊತ್ತೈತ್ರಿ.”

“ಗೊತ್ತಿದ್ದೂ ಬೆಳಗಾವಿ ದರ್ಜಿ ಮುಂದ ಹೇಳಿ, ನನ್ನ ಮುಂದ ಬಾಯಿ ಹೊಲಕೊಂಡಿ!”

ಮುದುಕಿ ಎದ್ದು ಒಳಗೆ ಹೋದಳು. ಟ್ರಂಕಿನ ಮುಚ್ಚಳದ ಸದ್ದು, ಆಮೇಲೆ ಕತ್ತರಿಯ ಸದ್ದು. ಹೊರಗೆ ನಿಂತವಳಿಗೆ ಎದೆಯ ನೋವಿಗಿಂತ ಆ ಕತ್ತರಿಯ ಸದ್ದೇ ಹೆಚ್ಚು ಚುಚ್ಚಿತು, ಟಿಕೇಟನ್ನೇ ಕತ್ತರಿಸುತ್ತಿದ್ದಾಳೋ ಏನೋ ಎಂಬಂತೆ.

ಕಾಶವ್ವ ಹೊರಬಂದಾಗ ಅವಳ ಕೈಯಲ್ಲಿ ಇಳಕಲ್ ಸೀರೆಯ ಸೆರಗಿನ ಕೆಂಪು ಪಟ್ಟಿಯಿತ್ತು. “ರೇಷ್ಮಿದು. ಹತ್ತಿ ಬ್ಯಾಡ ಅಂದಾನಲ್ಲ ನಿನ್ನ ಮಾಸ್ತರ. ಜಾಂಬೋಟಿ ಬಾಜು ಗದ್ದ್ಯಾಗ ನಾಟಿ ಹಚ್ಚೂ ಮುಂದ ನಾ ಬೆಳ್ಳಿ ಹಾಕ್ಕೊಂಡು ಬಗ್ಗತಿದ್ನೇನು? ಹಾಕ್ಕೊಂಡಿದ್ರ ಜೋತು ಬಿದ್ದು ಕೆಸರಿಗಿ ತಾಗತಿತ್ತು. ಕರಡಗಿ ಮನ್ಯಾಗ, ಲಿಂಗ ವಸ್ತ್ರದಾಗ, ವಸ್ತ್ರ ಕಂಕಳಾಗ. ಕೈ ಎತ್ತು.”

ಲಿಂಗವನ್ನು ಕಣ್ಣಿಗೊತ್ತಿಕೊಂಡು, ರೇಷ್ಮೆಯಲ್ಲಿ ಸುತ್ತಿ, ಸೊಸೆಯ ಎಡ ಕಂಕುಳಿಗೆ ಬರುವಂತೆ ಭುಜದ ಮೇಲಿಂದ ಬಿಗಿದು ಕಟ್ಟುವುದನ್ನು ಕಲಿಸಿದಳು. ತಾನು ಕಟ್ಟಿ ಬಿಚ್ಚಿದಳು, ಅವಳಿಂದ ಕಟ್ಟಿಸಿದಳು, ಮತ್ತೆ ಬಿಚ್ಚಿಸಿದಳು.

“ಎಡಕ್ಕ ಕಟ್ಟೀನಿ. ಬಲಕ್ಕ ಬೀಳು.”

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದ ಬಾಗಿಲಲ್ಲೂ ಮುದುಕಿ ಬೇರೇನೂ ಹೇಳಲಿಲ್ಲ. “ಬಲಕ್ಕ, ನೆನಪಿರಲಿ” ಅಂದಳು, ಅಷ್ಟೆ.

ಔಲಿಯ ಹಿಮ ಕಣ್ಣು ಕೋರೈಸುವಷ್ಟು ಬೆಳ್ಳಗಿತ್ತು. ಬೂಟು ಕಬ್ಬಿಣದ ಬೇಡಿಯಂತೆ ಮೀನಖಂಡವನ್ನು ಹಿಡಿದಿತ್ತು. ಹಲಗೆಗಳ ಮೂತಿ ಕೂಡಿಸಿ ಹಿಂದಿನ ತುದಿ ಅಗಲಿಸಿದರೆ ಜಾರುವುದು ನಿಲ್ಲುತ್ತದೆ ಎಂದು ಮಾಸ್ತರ ತೋರಿಸಿದ. ಉಳಿದ ಹೆಂಗಸರು ಕಾಲು ನೋಡಿಕೊಂಡರು. ನಾಗರತ್ನಾ ಬಲಕ್ಕ ಬಲಕ್ಕ ಎಂದು ಜಪಿಸುತ್ತ ಜಾರಿದಳು. ಗಾಳಿ ಕಿವಿಗೆ ಬಡಿಯಿತು. ಹಲಗೆಯ ಮೂತಿಗಳು ಒಂದರ ಮೇಲೊಂದು ಹತ್ತಿದವು.

ಎಡಕ್ಕೆ ಬಿದ್ದಳು.

ಭುಜವೆಲ್ಲ ಹಿಮದಲ್ಲಿ ಹೂತಿತು. ಏಳಲಿಲ್ಲ. ಏಳು ಏಳು ಎಂದು ಎಲ್ಲರೂ ಕೂಗಿದರು. ಬಿದ್ದ ಮಕ್ಕಳನ್ನು ಎಬ್ಬಿಸುವ ಟೀಚರು ಬಿದ್ದಲ್ಲೇ ಮಲಗಿ, ಹಲ್ಲಿನಿಂದ ಕೈಗವಸು ಕಿತ್ತು, ಜಾಕೀಟಿನ ಜಿಪ್ಪು ಎಳೆಯುತ್ತಿದ್ದಳು. ಮಾಸ್ತರ ಓಡಿ ಬಂದು ಪಕ್ಕೆಲುಬು ಮುರಿಯಿತೇ ಎಂದು ಕೇಳಿದ. ಅವಳಿಗೆ ಕೇಳಿಸಲಿಲ್ಲ. ಚಳಿಗೆ ತಣ್ಣಗಾದ ಬೆರಳುಗಳು ಅಂಗಿಯ ಕೆಳಗೆ, ಕಂಕುಳಿನ ಮಡಿಕೆಯಲ್ಲಿ ತಡಕಾಡಿದವು. ಮೊದಲು ಏನೂ ಸಿಗಲಿಲ್ಲ. ಆಮೇಲೆ ರೇಷ್ಮೆ ಸಿಕ್ಕಿತು, ಸ್ವಲ್ಪ ಹಿಂದಕ್ಕೆ ಸರಿದಿತ್ತು. ಅದರೊಳಗೆ ದುಂಡಗೆ, ಮೈಯಷ್ಟೇ ಬೆಚ್ಚಗೆ.

ಸಂಜೆ ಫೋನ್ ಹತ್ತಿತು.

“ಬಿದ್ದಿಯೇನು?” ಎಂದಳು ಕಾಶವ್ವ.

“ಬಿದ್ನಿರಿ.”

“ಯಾವ ಕಡಿ?”

ಸುಳ್ಳು ಬಾಯಿಯ ತನಕ ಬಂದು ನಿಂತಿತು. “ಎಡಕ್ಕರಿ, ಅತ್ತಿ.”

ಅತ್ತಲಿಂದ ಖಾನಾಪುರದ ಮನೆಯ ಗಡಿಯಾರದ ಟಿಕಟಿಕ ಮಾತ್ರ ಕೇಳಿಸುತ್ತಿತ್ತು.

“ಐತ್ರಿ. ಕೈಯಾಗ ಹಿಡಕೊಂಡ ಮಾತಾಡಾಕ್ಹತ್ತೀನ್ರಿ.”

ದೊಡ್ಡ ಉಸಿರೊಂದು ಕೇಳಿಸಿತು. ಆಮೇಲೆ ಮುದುಕಿ ಫೋನನ್ನು ಬದಿಗೆ ಹಿಡಿದು ಮೊಮ್ಮಗಳಿಗೆ ಹೇಳಿದ್ದು ಅಷ್ಟು ದೂರಕ್ಕೂ ಸ್ಪಷ್ಟವಾಗಿ ಬಂತು:

“ಮೇಘಾ, ಮುಂಜಾನಿದು ರೊಟ್ಟಿ ಇದ್ರ ನೀಡು ಬಾರವ್ವಾ. ಇನ್ನ ಉಣ್ತೀನಿ.”