ತಿಕೋಟಾದಲ್ಲಿ ಕೇಳಿದ ಬಾವಿ

ಸದ್ದನ್ನೇ ಪ್ರದರ್ಶನಕ್ಕಿಡುವ ಕಲಾವಿದನೊಬ್ಬ ತಿಕೋಟಾ ಬಸ್ ನಿಲ್ದಾಣದ ಬೇವಿನ ಮರಕ್ಕೆ ಧ್ವನಿವರ್ಧಕ ಕಟ್ಟಿದ್ದ. ಟೇಪಿನಲ್ಲಿ ಎತ್ತುಗಳು ನೀರೆಳೆಯುವ ಕಪಿಲೆ ಬಾವಿಯ ಸದ್ದು. ಗಾಲಿ ಕಿರುಗುಟ್ಟಿ, ಧೋ ಎಂದು ನೀರು ಸುರಿಯಿತು. ರಸ್ತೆಯಲ್ಲಿದ್ದ ಚಕ್ಕಡಿಯ ಎತ್ತುಗಳು ತಟ್ಟನೆ ಹಿಂದಕ್ಕೆ ನಡೆದವು. ಚಕ್ಕಡಿ ಬಬಲೇಶ್ವರಕ್ಕೆ ಹೊರಟಿದ್ದ ನಮ್ಮ ಬಸ್ಸಿಗೆ ಬಡಿಯಿತು.

“ಬಂದ್ ಮಾಡಲೇ ಅದನ್ನ!” ಎಂದು ಡ್ರೈವರ್ ಕಲಾವಿದನ ಮೇಲೆ ಹರಿಹಾಯ್ದ. ನನಗೂ ಸಿಟ್ಟು ಬಂದಿತ್ತು.

ಚಕ್ಕಡಿಯ ಮುದುಕ ಇಳಿದು ಬಂದ. “ಬೈಬ್ಯಾಡ್ರಿ. ಕಪಿಲಿ ಹೊಡಿಯುವಾಗ ನೀರು ಬಿತ್ತಂದ್ರ ಹಿಂದ ಸರೀಬೇಕಂತ ಇವಕ್ಕ ನಾನಽ ಕಲಿಸೇನಿ. ನೀರೆತ್ತೋ ಇಂಜಿನ್ ಬಂದ ಮ್ಯಾಲ ನಮ್ಮ ಬಾವ್ಯಾಗ ಈ ಸಪ್ಪಳಽ ಇಲ್ರಿ.”

ಎತ್ತುಗಳನ್ನು ಚಕ್ಕಡಿಯಿಂದ ಬಿಚ್ಚಿ, ಕಲಾವಿದನತ್ತ ತಿರುಗಿ ಮೆಲ್ಲಗೆ ಕೇಳಿದ: “ಇನ್ನೊಮ್ಮಿ ಹಚ್ತೀರೇನ್ರಿ, ಯಪ್ಪಾ?”

ಮತ್ತೆ ನೀರು ಸುರಿಯಿತು. ಈ ಸಲ ಎತ್ತುಗಳ ಜೊತೆ ಮುದುಕನೂ ಹೆಜ್ಜೆ ಹೆಜ್ಜೆಯಾಗಿ ಹಿಂದಕ್ಕೆ ಸರಿದ.